ಹತ್ತು ಸೆಕೆಂಡಿನ ಕಳ್ಳ

ನಾಳೆರಾಯ ಮೂರನೇ ಸಲ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಅನುಮಾನವೇ ಇಲ್ಲ. ಅವನ ‘ನಾಳೆಯ ಸಂತೆ’ ಪಾಡ್‌ಕಾಸ್ಟಿನ ಏಳನೇ ಕಂತನ್ನು ಯಾರೋ ಒಬ್ಬರು ಇಪ್ಪತ್ತೆರಡು ದಿನಗಳಿಂದ ದಿನವೂ ತೆರೆಯುತ್ತಿದ್ದಾರೆ. ಪೂರ್ತಿ ಕೇಳುವುದಿಲ್ಲ. ಮೊದಲ ಹತ್ತು ಸೆಕೆಂಡು ಮಾತ್ರ, ಅದನ್ನೇ ಮತ್ತೆ ಮತ್ತೆ. ನಿನ್ನೆ ಒಂದೇ ದಿನ ನೂರಾ ನಲವತ್ತು ಸಲ.

ಹೊಟ್ಟೆಪಾಡಿಗೆ ಅವನದು ಮೊಬೈಲ್ ರಿಪೇರಿ ಅಂಗಡಿ. ಆದರೆ ಅಂತರಜಾಲದಲ್ಲಿ ಹೊಸದೇನು ಮೊಳೆತರೂ ಅದರ ವಾಸನೆ ಮೊದಲು ಹತ್ತುವುದು ತನಗೇ ಎಂಬ ಹೆಮ್ಮೆ. ವಾರಕ್ಕೊಮ್ಮೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು, “ಬನ್ನಿ ಬನ್ನಿ, ಕಿವಿ ಇದ್ದೋರೆಲ್ಲ ಮುಂದೆ ಬನ್ನಿ! ಒಂದು ಸಾರಿ, ಎರಡು ಸಾರಿ, ಮೂರು ಸಾರಿ!” ಎಂದು ಶುರುಮಾಡಿ, ನಾಳೆ ಏನೇನಾಗಲಿದೆ ಎಂದು ಅರ್ಧ ಗಂಟೆ ಹೇಳುತ್ತಿದ್ದ. ಬೀದಿಯವರು ಅವನಿಗೆ ಆ ಹೆಸರಿಟ್ಟದ್ದೂ ಅದಕ್ಕೇ. ಹೋದ ತಿಂಗಳು ಅವನೇ ಎಚ್ಚರಿಸಿದ್ದ: ಇನ್ನು ಮುಂದೆ ಕಳ್ಳರು ಕನ್ನ ಹಾಕುವುದು ಮನೆಗಲ್ಲ, ಗಂಟಲಿಗೆ. ಹತ್ತು ಸೆಕೆಂಡಿನ ಮಾತು ಸಿಕ್ಕರೆ ಸಾಕು, ಯಂತ್ರ ನಿಮ್ಮದೇ ಧ್ವನಿಯಲ್ಲಿ ನಿಮ್ಮ ಹೆಂಡತಿಯನ್ನು ಮಾತಾಡಿಸುತ್ತದೆ.

“ನನ್ನ ಧ್ವನಿ ಕದೀತಿದಾರೆ ಕಣೇ!”

ಕೌಂಟರಿನಲ್ಲಿ ಫೋನಿನ ಕವರುಗಳನ್ನು ಜೋಡಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಹಾಗೇ ಗೊರಕೆನೂ ಕದ್ಕೊಂಡು ಹೋಗಲಿ ಬಿಡಿ, ಪುಣ್ಯ ಬರುತ್ತೆ.”

“ತಮಾಷೆ ಅಲ್ಲ. ಅಷ್ಟು ಕಂತು ಬಿಟ್ಟು ಏಳನೇದೇ ಯಾಕೆ ಬೇಕು ಅವನಿಗೆ? ಅದೊಂದಕ್ಕೇ ನಾನು ಮ್ಯೂಸಿಕ್ ಹಾಕೋದು ಮರೆತಿದ್ದು. ಬರೀ ಧ್ವನಿ, ಸೋಸಿ ಇಟ್ಟ ಹಾಗಿದೆ. ಕೆಲಸ ಗೊತ್ತಿರೋ ಕಳ್ಳ ಇವನು.”

“ಹಗ್ಗ ಕಂಡ್ರೂ ಹಾವು ನಿಮಗೆ. ಅದಿರಲಿ, ಈ ಭಾನುವಾರನಾದ್ರೂ ನಿಮ್ಮಣ್ಣನ್ನ ನೋಡ್ಕೊಂಡು ಬರೋಣ್ವಾ?”

ನಾಳೆರಾಯ ಕಿವಿ ಕೇಳದವನಂತೆ ಪರದೆಗೆ ತಿರುಗಿದ. ಅಣ್ಣ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವನು. ಲಕ್ವ ಹೊಡೆದು ಮಾತು ನಿಂತು ನಾಲ್ಕು ತಿಂಗಳಾಗಿತ್ತು. ಒಮ್ಮೆ ಹೋಗಿ ಅವನೆದುರು ಕುಳಿತದ್ದೇ ಸಾಕಾಗಿತ್ತು. ಆ ಮೌನವನ್ನು ತಾಳಲು ಇವನಿಂದ ಆಗಲಿಲ್ಲ. ಮಾತು ಕಲಿಸುವ ಹೊಸ ಆ್ಯಪ್ ಹಾಕಿದ ಟ್ಯಾಬ್ಲೆಟ್ ಒಂದನ್ನು ಕಳಿಸಿಕೊಟ್ಟು, ತಾನು ಹೋಗುವುದಕ್ಕಿಂತ ಅದೇ ಹೆಚ್ಚು ಉಪಯೋಗ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ನಾಚಿಕೆ ಇರಲಿಲ್ಲವೆಂದಲ್ಲ, ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

ಕೇಳುವವನ ಊರು ಯಾವುದೆಂದು ಹುಡುಕಿದರೆ ಆ ಜಾಗ ಖಾಲಿ. ಊರನ್ನೂ ಮುಚ್ಚಿಟ್ಟಿದ್ದಾನೆ ಖದೀಮ! ನಾಳೆರಾಯ ಹಲ್ಲು ಕಚ್ಚಿ ಏಳನೇ ಕಂತನ್ನು ಅಳಿಸಲು ಒತ್ತಿದ. ಖಚಿತವೇ ಎಂದು ಪರದೆ ಕೇಳಿತು. ಖಚಿತ ಎಂದು ಇನ್ನೊಮ್ಮೆ ಒತ್ತಿದ.

ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಒಂದು ಗಂಡು ಧ್ವನಿ: “ಬನ್ನಿ... ಬನ್ನಿ... ಕಿವಿ ಇದ್... ಇದ್ದೋರೆಲ್ಲ... ಮುಂದೆ...”

ನಾಳೆರಾಯ ಕುರ್ಚಿಯಿಂದ ಎದ್ದು ನಿಂತ. ತನ್ನ ಮಾತು, ತನ್ನದೇ ರಾಗ, ‘ಮುಂದೆ’ ಎಂಬಲ್ಲಿ ತನ್ನದೇ ಎಳೆತ! ಆದರೆ ಅರೆಬೆಂದ ಕೆಲಸ. ಅಕ್ಷರಕ್ಕೆ ಅಕ್ಷರ ಅಂಟಿಲ್ಲ, ನಡುನಡುವೆ ಗೊರಗೊರ ಸದ್ದು. ಹೆಂಡತಿಯೂ ಕೇಳಲೆಂದು ಸ್ಪೀಕರ್ ಹಾಕಿದ.

“ಒಂದು... ಸಾರಿ.” ಮತ್ತೆ ಉಸಿರು. “ಎ... ಎರಡು... ಸಾರಿ...”

“ಲೇ ಕಳ್ಳ, ಮೊದಲು ನೆಟ್ಟಗೆ ಮಾತಾಡೋದು ಕಲಿ! ಆಮೇಲೆ ಕದಿಯೋಕೆ ಬಾ!” ಎಂದು ಗದರಿ ಫೋನ್ ಇಟ್ಟ. ಅವನ ಎದೆ ಉಬ್ಬಿತ್ತು. ಮುಂದಿನ ಕಂತಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಹೆಂಡತಿಯ ಕೈಯಲ್ಲಿದ್ದ ಕವರು ಮಾತ್ರ ಕೈಯಲ್ಲೇ ಉಳಿದಿತ್ತು. “ರೀ, ಆ ಧ್ವನಿ...” ಎಂದವಳು ಮಾತು ಮುಗಿಸುವುದರೊಳಗೆ ಅದೇ ನಂಬರು ಮತ್ತೆ ಬಡಿದುಕೊಂಡಿತು.

“ಯಾರಪ್ಪ ಕಳ್ಳ?” ಅಣ್ಣನ ಹೆಂಡತಿ ಕೇಳಿದಳು.

“ಅತ್ತಿಗೆ? ಇದು... ಇದು ಯಾರ ನಂಬರು?”

“ನಿಮ್ಮಣ್ಣಂಗೆ ಮಾತು ಕಲಿಸೋ ಟೀಚರ್‌ದು. ನೀನು ಕಳಿಸಿದ ಆ್ಯಪಿನ ಮಾತು ಕೇಳಿದ್ರೆ ನಿಮ್ಮಣ್ಣ ಮುಖ ತಿರುಗಿಸ್ತಿದ್ರು. ಒಂದಿನ ಅದೇ ಟ್ಯಾಬ್ಲೆಟಲ್ಲಿ ನಿನ್ನ ಸಂತೆ ಹಾಕಿದೆ. ಮಂಡೀಲಿ ತಾನು ಕೂಗ್ತಿದ್ದ ಕೂಗನ್ನ ತಮ್ಮ ಕೂಗ್ತಿದಾನೆ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಅವತ್ತಿಂದ ಅದೊಂದೇ ಪಾಠ. ಹಿಂದೆ ವಾದ್ಯ ಇಲ್ದೇ ಇರೋದು ಆ ಏಳನೇದೊಂದೇ ಅಲ್ವಾ, ಸ್ಪಷ್ಟವಾಗಿ ಕೇಳ್ಸುತ್ತೆ. ಇವತ್ತು ಬೆಳಿಗ್ಗೆಯಿಂದ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ತಮ್ಮಂಗೆ ಫೋನ್ ಹಚ್ಚು, ನಾನೇ ಕೇಳ್ತೀನಿ ಅಂತ ಸನ್ನೆ ಮಾಡಿದ್ರು.”

ಆ ಕೂಗು ತನಗೆಲ್ಲಿಂದ ಬಂತೆಂದು ನಾಳೆರಾಯ ಒಮ್ಮೆಯೂ ಯೋಚಿಸಿರಲಿಲ್ಲ. ಚಿಕ್ಕಂದಿನಿಂದ ಕಿವಿಯಲ್ಲಿತ್ತು, ಹೇಳದೆ ಕೇಳದೆ ಎತ್ತಿಕೊಂಡಿದ್ದ.

“ಅತ್ತಿಗೆ, ಅಣ್ಣಂಗೆ ಕೊಡಿ. ನಾನು ಮಾತಾಡ್ಬೇಕು.”

“ಸ್ಪೀಕರಲ್ಲೇ ಇದೆ, ಕೇಳ್ತಿದಾರೆ. ಬಾಯಿ ಮಾತ್ರ ಬಿಡ್ತಿಲ್ಲ, ಗೋಡೆ ಕಡೆ ತಿರುಗಿ ಕೂತಿದಾರೆ. ಎರಡರವರೆಗೂ ಬಂದಿದ್ರು ಕಣಪ್ಪ. ಮೂರಕ್ಕೆ ನೀನು ಕಾಯ್ಲಿಲ್ಲ.”