ಬಿಟ್ಟ ಜಾಗ

"ಈ ಹಳೇ ಫೈಲ್ ಮ್ಯಾನೇಜರ್ ತೆರೆಯೋಕೆ ಒಂದು ಯುಗ ಹಿಡಿಯುತ್ತೆ ಮೇಡಂ. ತೆಗೆದು ಹೊಸದು ಹಾಕಿಬಿಡ್ತೀನಿ," ಎಂದ ಕಂಪ್ಯೂಟರ್ ರಿಪೇರಿಗೆ ಬಂದವನು.

"ಅಯ್ಯೋ, ಅದನ್ನ ಮಾತ್ರ ತೆಗೀಬೇಡಿ."

"ಅಂಥದ್ದೇನಿದೆ ಇದರಲ್ಲಿ?"

"ಹೋದ ಸಲ ಯಾವ ಫೋಲ್ಡರಿನಲ್ಲಿ ಬಿಟ್ಟಿದ್ವೋ, ಸೀದಾ ಅಲ್ಲೇ ತೆರೆಯುತ್ತೆ. ನಂಗೆ ಅಷ್ಟು ಸಾಕು," ಎಂದವಳು, ಕಣ್ಣು ತುಂಬಿದ್ದು ಕಾಣದಿರಲೆಂದು ಕಾಫಿಯ ನೆಪದಲ್ಲಿ ಒಳಗೆ ಹೋದಳು.

ಆಸ್ಪತ್ರೆಗೆ ಹೊರಡುವ ಮುನ್ನ ಅವಳ ಗಂಡ ಆ ಫೈಲ್ ಮ್ಯಾನೇಜರಿನಲ್ಲೇ ಮನೆಯ ಬೆಕ್ಕಿನ ಫೋಟೋಗಳ ಫೋಲ್ಡರ್ ತೆರೆದು ನೋಡುತ್ತ ಕೂತಿದ್ದ. "ಉಳಿದದ್ದು ಬಂದು ನೋಡ್ತೀನಿ" ಎಂದು ಮುಚ್ಚಿ ಎದ್ದವನು ಮನೆಗೆ ಮರಳಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಅದನ್ನು ತೆರೆಯುತ್ತಿದ್ದಳು. ಅವನು ಬಿಟ್ಟುಹೋದ ಜಾಗವೇ ಎದುರಿಗೆ ಬರುತ್ತಿತ್ತು. ಬೇರೆ ಯಾವ ಫೋಲ್ಡರನ್ನೂ ಮುಟ್ಟದೆ, ಒಂದಿಷ್ಟು ಹೊತ್ತು ಸುಮ್ಮನೆ ನೋಡಿ ಮುಚ್ಚಿಬಿಡುತ್ತಿದ್ದಳು.

ಅವಳು ಕಾಫಿ ಹಿಡಿದು ಹೊರಬಂದಾಗ ರಿಪೇರಿಯವನ ಮುಖ ಅರಳಿತ್ತು.

"ನೀವು ಹೇಳಿದ್ದು ನಿಜ ಮೇಡಂ! ನಾನೂ ಬೇರೆ ಬೇರೆ ಫೋಲ್ಡರ್ ತೆರೆದು, ಮುಚ್ಚಿ ನೋಡಿದೆ. ಪ್ರತಿ ಸಲವೂ ನಾನು ಬಿಟ್ಟಲ್ಲೇ ತೆರೀತು."