ನಾಲ್ಕು ಇಲ್ಲದ ಪುಟಗಳು

ಪಿಯಾನೊ ನುಡಿಸಲು ಬಾರದ ನಾನು ಈ ಕಥೆ ಹೇಳುವುದು ಅಧಿಕಪ್ರಸಂಗವೇ, ಮನ್ನಿಸಬೇಕು. ನನ್ನ ಪರಿಚಯದ ಒಂದು ಮನೆಯಲ್ಲಿ ಅಪ್ಪ, ಮಗ ಇಬ್ಬರೂ ಪಿಯಾನೊ ವಾದಕರು. ಸಂಗೀತ ಕಛೇರಿಗೆ ಇನ್ನು ಇಪ್ಪತ್ತು ದಿನವಿದ್ದಾಗ ಮಗ ಅದರಲ್ಲಿ ನುಡಿಸಬೇಕಿದ್ದ ಕೃತಿಯ ಅದೇ ಸಾಲಿನಲ್ಲಿ ಮತ್ತೆ ಎಡವಿದ. ಬಲಗೈಯ ಉಂಗುರದ ಬೆರಳು ಎರಡು ತಿಂಗಳಿಂದ ಅವನ ಮಾತು ಕೇಳುತ್ತಿರಲಿಲ್ಲ. ಹೇಳಿದರೆ ಯಾರೂ ಕಛೇರಿಗೆ ಕರೆಯುವುದಿಲ್ಲವೆಂದು ಅದನ್ನು ಮುಚ್ಚಿಟ್ಟಿದ್ದ.

ಒಂದು ಕಾಲದಲ್ಲಿ ಇದೇ ಕೃತಿಗೆ ಹೆಸರಾಗಿದ್ದ ಅಪ್ಪ ತನ್ನ ಹಳೆಯ ಸ್ವರಲಿಪಿಯ ಪುಸ್ತಕ ತಂದು ಎದುರಿಗಿಟ್ಟ. "ಇದನ್ನ ನೋಡ್ಕೊಂಡು ನುಡಿಸು."

"ನಿಮ್ಮ ಕಾಲದ್ದು ನನಗ್ಯಾಕಪ್ಪ?"

"ಮುದುಕನ ಮಾತು ಒಂದ್ಸಲ ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ ಮಹರಾಯ?"

ಯಾವ ಸ್ವರಕ್ಕೆ ಯಾವ ಬೆರಳೆಂದು ಅಪ್ಪ ಪೆನ್ಸಿಲ್ಲಿನಲ್ಲಿ ಅಂಕಿ ಬರೆದಿದ್ದ: ಹೆಬ್ಬೆರಳು ಒಂದು, ಕಿರುಬೆರಳು ಐದು. ಮಗ ಅದರಂತೆ ನಿಧಾನವಾಗಿ ನುಡಿಸಿದ. ಎಡವುತ್ತಿದ್ದ ಸಾಲು ಸಲೀಸಾಗಿ ದಾಟಿತು. ಕುತೂಹಲದಿಂದ ಪುಟ ತಿರುವುತ್ತ ಹೋದ. ಬಲಗೈಗೆ ಒಂದು, ಎರಡು, ಮೂರು, ಐದು ಇದ್ದವು. ಉಂಗುರದ ಬೆರಳಿನ ಅಂಕಿ ನಾಲ್ಕು, ಮೂವತ್ತು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

"ಅಪ್ಪಾ, ನಿಮಗೂನಾ? ಯಾವಾಗಿಂದ?"

"ನೀನು ಹುಟ್ಟೋಕೆ ಮುಂಚಿಂದ. ನಿಮ್ಮಮ್ಮನಿಗೆ ಹೇಳ್ಬೇಡ, ಅವಳಿಗಿನ್ನೂ ಗೊತ್ತಿಲ್ಲ."

ಮಗನ ಬೆರಳಿನ ವಿಷಯ ಅಪ್ಪನಿಗೆ ಯಾವಾಗ, ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ.