ಗುಲಾಬಿ ತೀರ್ಥ

ಆ ದಿನ ಬೆಳಗ್ಗೆ ವೈಟ್‌ಫೀಲ್ಡ್‌ನಲ್ಲಿ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಮೆಟ್ರೊ ಬಂದು ಹೋದ ಸದ್ದು ಕೇಳಿತೇ ಹೊರತು ಮೆಟ್ರೊ ಕಾಣಲಿಲ್ಲ. ಅಪಾರ್ಟ್‌ಮೆಂಟಿನ ದೇವರ ಕೋಣೆಯಲ್ಲಿ ಚನ್ನಬಸಮ್ಮ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಕೂತಿದ್ದರು. ಅದೇ ಅಂಗೈಯಲ್ಲಿ, ಲಿಂಗದ ಪಕ್ಕದಲ್ಲಿ, ಒಂದು ಗುಲಾಬಿ ಬಣ್ಣದ ಮಾತ್ರೆ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಮನೆಯಲ್ಲೇ ನುಂಗಬೇಕಾದ ಕೀಮೋ ಮಾತ್ರೆ ಅದು. ಅವತ್ತು ಮೊದಲ ದಿನ.

ನರ್ಸ್ ಧನಲಕ್ಷ್ಮಿ ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಅವರು ಮರೆತಿರಲಿಲ್ಲ. ಎದ್ದ ಕೂಡಲೇ ಜ್ವರ ನೋಡಿಕೊಂಡಿದ್ದರು. ಬಾಯಲ್ಲಿ ಹುಣ್ಣಿಲ್ಲ, ಭೇದಿಯಿಲ್ಲ; ಇದ್ದಿದ್ದರೆ ನುಂಗದೆ ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು. ಲಿಂಗಕ್ಕೆ ಅರ್ಪಿಸಿದ ಉಪ್ಪಿಟ್ಟು ಹೊಟ್ಟೆಗೆ ಬಿದ್ದಾಗಿತ್ತು. ಮಾತ್ರೆಯನ್ನು ಬೇರೆ ಯಾರೂ ಬರಿಗೈಲಿ ಮುಟ್ಟಬಾರದು, ಬಸುರಿಯಂತೂ ಮುಟ್ಟಲೇಬಾರದು ಎಂದಿದ್ದಕ್ಕೆ ಸೊಸೆ ಉಮಾಶ್ರೀಯನ್ನು ಔಷಧದ ಕಪಾಟಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಉಮಾಶ್ರೀ ಈಗ ಬಸುರಿ.

ಆದರೆ ಲಿಂಗಕ್ಕೆ ಅರ್ಪಿಸದೆ ಅವರು ಹನಿ ನೀರನ್ನೂ ಬಾಯಿಗೆ ಹಾಕಿದವರಲ್ಲ. ಔಷಧಕ್ಕೆ ಮಾತ್ರ ಬೇರೆ ನ್ಯಾಯವೇ? ಎಂದಿನಂತೆ ಕಣ್ಣು ಮುಚ್ಚಿ ಲಿಂಗದ ಮೇಲೆ ಒಂದು ಚಮಚ ನೀರು ಬಿಟ್ಟರು. ನೀರು ಮಾತ್ರೆಯನ್ನೂ ತೋಯಿಸಿ ಕೆಳಗಿನ ಬಟ್ಟಲಿಗೆ ಇಳಿಯಿತು. ಆ ಬಟ್ಟಲಿನ ತೀರ್ಥ ದಿನಾ ಸೊಸೆಗೆ. ಅವಳು ಮನೆ ತುಂಬಿದಂದಿನಿಂದ ನಡೆದುಬಂದ ರೂಢಿ. ಉಮಾಶ್ರೀ ಎದುರಿಗೆ ಬಂದು ಕೂತು ಬಲಗೈ ಚಾಚಿದಳು.

ಚನ್ನಬಸಮ್ಮ ಕಣ್ಣು ತೆರೆದರು. ಅಂಗೈಯ ಗೆರೆಗಳಲ್ಲೆಲ್ಲ ಗುಲಾಬಿ. ಬಟ್ಟಲಿನ ನೀರೂ ತೆಳ್ಳಗೆ ಗುಲಾಬಿ.

“ಹಿಂದ ಸರಿ!”

ಆ ಮನೆಯಲ್ಲಿ ಅವರ ದನಿ ಅಷ್ಟು ಏರಿದ್ದನ್ನು ಉಮಾಶ್ರೀ ಕೇಳಿಯೇ ಇರಲಿಲ್ಲ. “ಯಾಕ್ರಿ ಅತ್ತೀ, ನಾ ಏನ್ ತಪ್ಪು ಮಾಡಿದೆ?”

“ನೀ ಅಲ್ಲವಾ, ನಾ. ಕೈ ತೋರ್ಸು. ಹನಿ ಬಿತ್ತೇನು?”

“ಇಲ್ರಿ.”

ಪೇಪರ್ ಹಿಡಿದುಕೊಂಡೇ ಬಂದ ಗಂಡ ಮುರಿಗೆಪ್ಪ ಬಟ್ಟಲಿಗೆ ಇಣುಕಿದರು. “ಏನ ಇದು! ಶಿವಗೂ ಕೀಮೋ ಕೊಟ್ಟಿ ಏನು?”

“ಹಾಲಾಹಲ ಕುಡಿದಾವಗ ಇದ್ಯಾವ ಲೆಕ್ಕ? ಕೂಸಿಗೆ ಲೆಕ್ಕ. ನರ್ಸಮ್ಮಗ ಫೋನ್ ಹಚ್ರಿ ಮೊದ್ಲ.”

“ಹಚ್ತೀನಿ. ಆ ನೀರು ಇಲ್ಲಿ ಕೊಡು, ಸಿಂಕಿಗೆ ಚೆಲ್ತೀನಿ.”

“ಮುಟ್ಟಬ್ಯಾಡ್ರಿ. ಲಿಂಗದ ಮ್ಯಾಲೆ ಹರಿದದ್ದು ಗಟಾರಕ್ಕ ಹೋಗೂದು ಬ್ಯಾಡ. ನನ್ನ ಔಷಧ, ನನ್ನ ಹೊಟ್ಟಿಗೇ ಹೋಗ್ಲಿ.” ಬಟ್ಟಲೆತ್ತಿ ಕುಡಿದೇಬಿಟ್ಟರು. ಮುಖ ಕಿವುಚಲಿಲ್ಲ.

ಫೋನಿನಲ್ಲಿ ಧನಲಕ್ಷ್ಮಿ, “ಮಾತ್ರೆ ಒಡೆದಿದ್ಯಾ ಸಾರ್?” ಎಂದಳು.

“ಇಲ್ಲವಾ, ಇಡೀನ ಐತಿ. ಬಣ್ಣ ಬಿಟ್ಟೈತಿ, ಅಷ್ಟ.”

ಅವಳು ಡಾಕ್ಟರನ್ನು ಕೇಳಿಕೊಂಡು ಬಂದು ಹೇಳಿದಳು: “ಅಮ್ಮನೇ ನುಂಗ್ಲಿ ಅಂತೆ. ಆ ಬಟ್ಟಲು, ನೆಲ ಎಲ್ಲ ಅಮ್ಮನೇ ತೊಳೀಲಿ, ಸೊಸೆ ಕೈ ಹಾಕೋದು ಬೇಡ. ಆಮೇಲೆ ಸೋಪ್ ಹಾಕಿ ಕೈ ತೊಳ್ಕೊಂಡ್ರೆ ಆಯ್ತು. ನಾಳೆಯಿಂದ ದೇವರಿಗೆ ಸ್ಟ್ರಿಪ್ ಸಮೇತ ತೋರಿಸಿ ಅನ್ನಿ ಸಾರ್. ದೇವರಿಗೆ ಒಳಗಿರೋದು ಕಾಣ್ಸಲ್ವಾ?”

ಮುರಿಗೆಪ್ಪ ಗಹಗಹಿಸಿ ನಕ್ಕರು. ಚನ್ನಬಸಮ್ಮ ನಗಲಿಲ್ಲ. “ಖರೇ ಅಂದ್ಲು ಆಕಿ,” ಎಂದು ಮಾತ್ರೆ ನುಂಗಿದರು. ಲಿಂಗವನ್ನು ಒರೆಸಿ ಕೊರಳಿಗೆ ಹಾಕಿಕೊಂಡರು. ಆಪರೇಷನ್ ಆದ ಮೈ. ಬಗ್ಗಲಾರದೆ ಬಗ್ಗಿ ನೆಲ ಒರೆಸಿದರು, ಬಟ್ಟಲು ತೊಳೆದು ತಮ್ಮ ಔಷಧದ ಕಪಾಟಿಗೇ ಸೇರಿಸಿದರು, ಕೈಯನ್ನು ಮತ್ತೆ ಮತ್ತೆ ತಿಕ್ಕಿದರು. ನೋಡುತ್ತ ನಿಂತ ಉಮಾಶ್ರೀಗೆ ಸಹಾಯಕ್ಕೆ ಹೋಗಲೂ ಆಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ.

“ನಾಳಿಂದ ಮಾತ್ರಿಗೆ ಮುಂಚೆ ತೀರ್ಥ ಕೊಡ್ರಿ ಅತ್ತೀ. ಕೈ ತೊಳಕೊಂಡ್ರ ಸಾಕಂದ್ರಲ್ಲ ಅವರು.”

“ಆಕಿಗೆ ಸಾಕು. ನನಗ ಸಾಲಂಗಿಲ್ಲ.” ಚನ್ನಬಸಮ್ಮ ಮತ್ತೊಮ್ಮೆ ಕೈಗೆ ಸೋಪು ಹಚ್ಚಿದರು. “ನಾ ಕಣ್ಣು ತೆರಿಯೂದು ಒಂದು ಗಳಿಗಿ ತಡ ಆಗಿದ್ರ? ಈ ಔಷಧ ಮುಗಿಯೂತನಕ ನನ್ನ ಕೈಯಿಂದ ನಿನಗೇನೂ ಬ್ಯಾಡ. ನಿನ್ನ ಕೊರಳಾಗ ಇರಾವ ಬ್ಯಾರೆ ಏನು? ಅವನ್ನ ಕೇಳು, ಕೊಡ್ತಾನ.”

ಉಮಾಶ್ರೀ ತನ್ನ ಕೊರಳಿನ ಲಿಂಗವನ್ನು ಹಬ್ಬಕ್ಕೊಮ್ಮೆ ಕೈಗೆ ತೆಗೆದುಕೊಳ್ಳುತ್ತಿದ್ದವಳು. ಅತ್ತೆಯ ಮಣೆಯ ಮೇಲೆ ಕೂರಲು ಸಂಕೋಚಪಟ್ಟು, ಕೊನೆಗೆ ಕೂತಳು. ಅಂಗೈ ಮೇಲಿಟ್ಟು, ವಿಭೂತಿ ಧರಿಸಿ, ತಾನು ದಿನಾ ನೋಡಿದಂತೆಯೇ ನೀರು ಬಿಟ್ಟಳು. ಹೊಸ ಬಟ್ಟಲಿಗೆ ತಿಳಿನೀರು ಇಳಿಯಿತು. ಅದನ್ನವಳು ಬಾಯಿಗೆ ಒಯ್ಯಲಿಲ್ಲ. ಚಮಚದಲ್ಲಿ ತುಂಬಿಕೊಂಡು ಅತ್ತೆಯ ಕಡೆ ತಿರುಗಿದಳು.

ಆ ಮನೆಯಲ್ಲಿ ಇದುವರೆಗೆ ಕೊಟ್ಟೇ ಗೊತ್ತಿದ್ದ ಚನ್ನಬಸಮ್ಮ ಒಂದು ಕ್ಷಣ ಸೊಸೆಯ ಮುಖ ನೋಡಿದರು. ಆಮೇಲೆ ತಲೆಬಾಗಿ, ತಿಕ್ಕಿ ತಿಕ್ಕಿ ಕೆಂಪಾದ ಬಲಗೈಯನ್ನು ಗುಳಿ ಮಾಡಿ ಚಾಚಿದರು. ಉಮಾಶ್ರೀ ಕೈಗೆ ಕೈ ತಾಗದಂತೆ ಮೇಲಿನಿಂದ, ಮೊದಲ ಚಮಚವನ್ನು ಅದರೊಳಕ್ಕೆ ಬಿಟ್ಟಳು.